ಮಹರ್ಷಿ ವಿಠ್ಠಲ ರಾಮಜಿ ಶಿಂದೆ: ಕಟ್ಟಿದ ಮನೆಯ ಕೀಲಿಕೈಯನ್ನು ಒಪ್ಪಿಸಿದ ಮುಂದಾಳು

ಪುಣೆಯ ನಾನಾ ಪೇಟೆಯಲ್ಲಿ ಅಹಲ್ಯಾಶ್ರಮವೆಂಬ ಹೆಸರಿನ ಸ್ಥಳವೊಂದಿದೆ. ಆ ದಾರಿಯಲ್ಲಿ ನಡೆದಾಡುವ ನಮ್ಮ ಹೊಟೇಲು ನೌಕರರಲ್ಲಿಯೂ ಕಚೇರಿಯ ಗುಮಾಸ್ತೆಯವರಲ್ಲಿಯೂ ಎಷ್ಟು ಮಂದಿ ಅದರ ಕತೆಯನ್ನು ಕೇಳಿಬಲ್ಲರೋ ತಿಳಿಯದು. ಅದನ್ನು ಕಟ್ಟಿಸಿದವರು ಮರಾಠಿ ನಾಡಿನಲ್ಲಿ ಮಹರ್ಷಿಯೆಂದು ಹೆಸರಾದವರು. ಆದರೆ ಅವರು ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲಿ. ನಮ್ಮಂತೆಯೇ ಊರು ಬಿಟ್ಟು, ಕೈಯಲ್ಲಿ ಹೆಚ್ಚೇನೂ ಇಲ್ಲದೆ ಈ ಪಟ್ಟಣಕ್ಕೆ ಬಂದವರು. ಅವರೇ ವಿಠ್ಠಲ ರಾಮಜಿ ಶಿಂದೆ.

ಅವರ ಜೀವನವನ್ನು ಇಲ್ಲಿ ಹೇಳುವುದಕ್ಕೆ ಒಂದು ವಿಶೇಷ ಕಾರಣವುಂಟು. ಪರಸ್ಥಳದಲ್ಲಿ ನೆಲೆಸಿದ ನಮಗೆ ಸಂಘಗಳಿಗೇನೂ ಕೊರತೆಯಿಲ್ಲ. ಜಾತಿಗೊಂದು, ಊರಿಗೊಂದು, ಕಸುಬಿಗೊಂದು ಸಂಘವಿದೆ. ಕಟ್ಟುವಾಗ ಉತ್ಸಾಹವೂ ಬೇಕಾದಷ್ಟಿರುತ್ತದೆ. ಕಟ್ಟಿದವನು ಕುರ್ಚಿಯನ್ನು ಬಿಟ್ಟುಕೊಡಬೇಕಾದ ದಿನ ಬಂದಾಗ ಮಾತ್ರ ಮಾತು ಮಾತಿಗೆ ಸೇರುವುದಿಲ್ಲ. ಸಂಘವು ಎರಡಾಗುತ್ತದೆ, ಇಲ್ಲವೆ ಬಾಗಿಲು ಮುಚ್ಚುತ್ತದೆ. ಸಮಾಜವು ಬದಲಾಗಬೇಕೆಂದು ಹೇಳುವ ಮುಂದಾಳುಗಳು ಬಹಳ. ಸಮಾಜವು ಬದಲಾದಾಗ ತನ್ನ ಸ್ಥಾನವೂ ಬದಲಾಗಬೇಕೆಂಬುದನ್ನು ಒಪ್ಪಿ ನಡೆದವರು ಕೆಲವರೇ. ಶಿಂದೆಯವರು ಆ ಕೆಲವರಲ್ಲಿ ಒಬ್ಬರು.

ಶಿಂದೆಯವರು ಹುಟ್ಟಿದ್ದು 1873ರ ಏಪ್ರಿಲ್ 23ರಂದು, ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯಲ್ಲಿ. ಆಗ ಜಮಖಂಡಿಯು ಪಟವರ್ಧನ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. ಅರಮನೆಯ ಮಾತು ಮರಾಠಿ, ಪೇಟೆಯ ಮಾತು ಕನ್ನಡ. ಮರಾಠಾ ಮನೆತನದ ಈ ಹುಡುಗನಿಗೆ ಎರಡು ಭಾಷೆಗಳೂ ಚಿಕ್ಕಂದಿನಿಂದಲೇ ಕಿವಿಗೆ ಬಿದ್ದವು. ಮುಂದೆ ಅವರು ಕನ್ನಡ ಮರಾಠಿಗಳ ಪರಸ್ಪರ ಸಂಬಂಧವನ್ನು ಕುರಿತು ಸಂಶೋಧನೆ ಮಾಡಿ ಲೇಖನಗಳನ್ನು ಬರೆದರೆಂದರೆ, ಅದರ ಬೀಜವು ಜಮಖಂಡಿಯ ಬೀದಿಯಲ್ಲಿಯೇ ಬಿದ್ದಿತ್ತೆನ್ನಬೇಕು.

ತಂದೆ ರಾಮಜಿ ಬಸಪ್ಪ ಶಿಂದೆ, ತಾಯಿ ಯಮುನಾಬಾಯಿ. ಅಜ್ಜನ ಹೆಸರು ಬಸಪ್ಪನೆಂಬುದನ್ನು ಗಮನಿಸಿದರೆ ಸಾಕು, ಆ ಸೀಮೆಯಲ್ಲಿ ಎರಡು ನಾಡುಗಳು ಹೇಗೆ ಒಂದೇ ಮನೆಯಲ್ಲಿ ಬಾಳುತ್ತಿದ್ದುವೆಂಬುದು ತಿಳಿಯುತ್ತದೆ. ಮನೆಯವರು ಪಂಢರಪುರದ ವಿಠ್ಠಲನ ಭಕ್ತರು. ಸಿರಿತನವಿರಲಿಲ್ಲ, ಆದರೆ ನಾನಾ ಜಾತಿಮತಗಳವರು ಬಂದುಹೋಗುವ ಮನೆ ಅದು. ಮೈಲಿಗೆಯ ಭಯವು ಆ ಹೊಸ್ತಿಲಲ್ಲಿ ಬಲವಾಗಿರಲಿಲ್ಲ. ದೊಡ್ಡವನಾದ ಮೇಲೆ ಪುಸ್ತಕದಿಂದ ಕಲಿಯಬೇಕಾದ ಪಾಠವನ್ನು ಈ ಹುಡುಗನು ಅಂಗಳದಲ್ಲಿಯೇ ಅರ್ಧ ಕಲಿತಿದ್ದನು.

ಜಮಖಂಡಿಯಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿದ ಶಿಂದೆಯವರು 1893ರಲ್ಲಿ ಪುಣೆಗೆ ಬಂದು ಫರ್ಗ್ಯುಸನ್ ಕಾಲೇಜನ್ನು ಸೇರಿದರು. ಹಣದ ಅಡಚಣೆಯು ಬೆನ್ನು ಬಿಡಲಿಲ್ಲ. ಮರಾಠಾ ವಿದ್ಯಾರ್ಥಿಗಳಿಗೆ ನೆರವಾಗುತ್ತಿದ್ದ ಸಂಸ್ಥೆಯಿಂದಲೂ ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರಿಂದಲೂ ದೊರೆತ ವಿದ್ಯಾರ್ಥಿವೇತನವೇ ಆಧಾರ. ಹಗಲು ದುಡಿದು ರಾತ್ರಿಶಾಲೆಗೆ ಹೋಗುವ ನಮ್ಮ ಹುಡುಗರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1898ರಲ್ಲಿ ಅವರು ಬಿ. ಎ. ಪದವೀಧರರಾದರು. ಅದೇ ವರ್ಷ ಪ್ರಾರ್ಥನಾ ಸಮಾಜವನ್ನು ಸೇರಿದರು. ದೇವರೊಬ್ಬನೇ, ಆತನ ಮುಂದೆ ಜಾತಿಯಿಲ್ಲ ಎಂಬುದು ಆ ಸಮಾಜದ ತಿರುಳು. ನ್ಯಾಯಮೂರ್ತಿ ರಾನಡೆ, ಡಾಕ್ಟರ್ ರಾಮಕೃಷ್ಣ ಗೋಪಾಲ ಭಾಂಡಾರಕರ್, ನ್ಯಾಯಮೂರ್ತಿ ನಾರಾಯಣ ಗಣೇಶ ಚಂದಾವರಕರ್ ಇವರು ಅದರ ಹಿರಿಯರು. ಇವರಲ್ಲಿ ಚಂದಾವರಕರರು ನಮ್ಮ ಹೊನ್ನಾವರದಲ್ಲಿ ಹುಟ್ಟಿ, ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದವರು. ಜಮಖಂಡಿಯ ತರುಣನ ಬಾಳಿನಲ್ಲಿ ಹೊನ್ನಾವರದ ಈ ಹಿರಿಯರು ಬೆನ್ನೆಲುಬಿನಂತೆ ನಿಂತರು.

ಪ್ರಾರ್ಥನಾ ಸಮಾಜದವರು ಶಿಂದೆಯವರನ್ನು ಧರ್ಮಶಾಸ್ತ್ರದ ಅಭ್ಯಾಸಕ್ಕಾಗಿ ವಿಲಾಯತಿಗೆ ಕಳುಹಿಸಿದರು. 1901ರಿಂದ 1903ರವರೆಗೆ ಅವರು ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿದ್ದು ನಾನಾ ಮತಗಳನ್ನು ಹೋಲಿಸಿ ಓದಿದರು. ವಿಲಾಯತಿಯಿಂದ ಮರಳಿದವನಿಗೆ ಆ ದಿನಗಳಲ್ಲಿ ದೊಡ್ಡ ಹುದ್ದೆಯ ಬಾಗಿಲು ತೆರೆದೇ ಇರುತ್ತಿತ್ತು. ಶಿಂದೆಯವರಾದರೋ ಅಲ್ಪ ವೇತನದ ಧರ್ಮಪ್ರಚಾರಕರಾಗಿ ಮುಂಬಯಿಯ ಪ್ರಾರ್ಥನಾ ಸಮಾಜದ ಕೆಲಸಕ್ಕೆ ನಿಂತು, ದೇಶವನ್ನೆಲ್ಲ ಸುತ್ತಿದರು.

ಈ ಸಂಚಾರದಲ್ಲಿ ಅವರು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದರು. ಅಸ್ಪೃಶ್ಯರೆನಿಸಿದವರ ಕೇರಿಗಳನ್ನು ಕಣ್ಣಾರೆ ಕಂಡದ್ದು ಒಂದು. ಸರಕಾರದ ಜನಗಣತಿಯ ಪುಸ್ತಕಗಳನ್ನು ತೆಗೆದು ಯಾವ ಪ್ರಾಂತದಲ್ಲಿ ಎಷ್ಟು ಜನರು ಹೀಗೆ ಹೊರಗಿಡಲ್ಪಟ್ಟಿದ್ದಾರೆಂದು ಲೆಕ್ಕ ಹಾಕಿದ್ದು ಇನ್ನೊಂದು. ಮರುಕವುಳ್ಳವರು ಆಗಲೂ ಇದ್ದರು. ಲೆಕ್ಕವನ್ನು ಮುಂದಿಟ್ಟವರು ವಿರಳ. ಅಂಗಡಿಯ ಸ್ಥಿತಿಯನ್ನು ಸುಧಾರಿಸಬೇಕೆಂದಿರುವವನು ಮೊದಲು ಖಾತೆಪುಸ್ತಕವನ್ನು ತೆರೆಯುವಂತೆ, ಸಮಾಜವನ್ನು ಸುಧಾರಿಸಲು ಹೊರಟ ಈ ಪುರುಷನು ಮೊದಲು ಜನರ ಲೆಕ್ಕವನ್ನು ತೆಗೆದನು. ಅಹಮದನಗರದ ಬಳಿಯ ಭಿಂಗಾರ್ ಎಂಬಲ್ಲಿ ರಾತ್ರಿಯ ವೇಳೆ ಸೇರಿದ ಮಹಾರ ಜನರ ಸಭೆಯೊಂದು ಅವರ ಮನಸ್ಸನ್ನು ಕಲಕಿತು. ಈ ಜನರಿಗಾಗಿಯೇ ತನ್ನ ಬಾಳೆಂಬ ನಿಶ್ಚಯವು ಗಟ್ಟಿಯಾಯಿತು.

1906ರ ಅಕ್ಟೋಬರ್ 18ರಂದು ಮುಂಬಯಿಯ ಪರಳದಲ್ಲಿ ಒಂದು ಶಾಲೆಯನ್ನು ತೆರೆದು ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ದೇಶಭಾಷೆಯಲ್ಲಿ ಅದಕ್ಕೆ ಭಾರತೀಯ ನಿರಾಶ್ರಿತ ಸಾಹಾಯ್ಯಕಾರಿ ಮಂಡಳಿಯೆಂದು ಹೆಸರು. ಚಂದಾವರಕರರು ಅಧ್ಯಕ್ಷರು, ಶಿಂದೆಯವರು ಕಾರ್ಯದರ್ಶಿ. ಶಾಲೆ, ವಸತಿಗೃಹ, ಕೈಕಸುಬಿನ ಶಿಕ್ಷಣ, ಔಷಧೋಪಚಾರ, ಭಜನೆ ಪ್ರಾರ್ಥನೆ ಇವೆಲ್ಲವೂ ಅದರ ಕಾರ್ಯಗಳಾಗಿದ್ದುವು. ಕೆಲವೇ ವರ್ಷಗಳಲ್ಲಿ ಪುಣೆ, ಹುಬ್ಬಳ್ಳಿ ಮೊದಲಾದ ಹಲವು ಊರುಗಳಲ್ಲಿ ಶಾಖೆಗಳು ತಲೆಯೆತ್ತಿದುವು.

ಇಲ್ಲಿ ಒಂದು ಮಾತನ್ನು ಸೇರಿಸದೆ ಹೋದರೆ ನಮ್ಮ ಕರಾವಳಿಗೆ ಅನ್ಯಾಯವಾದೀತು. ಇದೇ ಇಂಗ್ಲಿಷ್ ಹೆಸರಿನ ಸಂಸ್ಥೆಯೊಂದು 1897ರಲ್ಲಿಯೇ, ಅಂದರೆ ಮುಂಬಯಿಗಿಂತ 9 ವರ್ಷ ಮೊದಲೇ, ಮಂಗಳೂರಿನಲ್ಲಿ ಹುಟ್ಟಿತ್ತು. ಅದನ್ನು ಹುಟ್ಟಿಸಿದವರು ಕುದ್ಮುಲ್ ರಂಗರಾಯರು. ವಕೀಲಿಯಿಂದ ಬಂದ ಗಳಿಕೆಯನ್ನೂ ಬಂಧುಬಳಗದ ಪ್ರೀತಿಯನ್ನೂ ಪಣವಾಗಿಟ್ಟು ದಲಿತ ಮಕ್ಕಳಿಗೆ ಶಾಲೆ ತೆರೆದ ಆ ಮಹನೀಯರನ್ನು ಸ್ವಜಾತಿಯವರು ಹೊರಗಿಟ್ಟರು. ಮಕ್ಕಳನ್ನು ಶಾಲೆಗೆ ಕರೆತರುವುದೇ ಕಷ್ಟವಾಗಿದ್ದ ಆ ಕಾಲದಲ್ಲಿ ಅವರು ಹಿಡಿದ ಕೆಲಸವನ್ನು ಬಿಡಲಿಲ್ಲ. ಕೊನೆಗಾಲದಲ್ಲಿ ತಮ್ಮ ಸಂಸ್ಥೆಯನ್ನು, ಗೋಖಲೆಯವರು 1905ರಲ್ಲಿ ಈ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ವಶಕ್ಕೆ ಕೊಟ್ಟು, 1928ರಲ್ಲಿ ಕಣ್ಣು ಮುಚ್ಚಿದರು. ಜಮಖಂಡಿಯಲ್ಲಿ ಹುಟ್ಟಿದವರೊಬ್ಬರು, ಮಂಗಳೂರಿನಲ್ಲಿ ದುಡಿದವರೊಬ್ಬರು. ಇಬ್ಬರ ಕೆಲಸವೂ ಒಂದೇ, ಇಬ್ಬರ ಕೆಲಸದ ಎಳೆಯೂ ಪುಣೆಗೆ ಬಂದು ಸೇರಿತೆಂಬುದು ಇಲ್ಲಿನ ಕನ್ನಡಿಗರು ನೆನೆಯತಕ್ಕ ಸಂಗತಿ.

ಶಿಂದೆಯವರ ಕಾರ್ಯವಿಧಾನವನ್ನು ಸ್ವಲ್ಪ ನೋಡೋಣ. ಅವರು ದೂರದಲ್ಲಿ ನಿಂತು ಉಪದೇಶ ಮಾಡಲಿಲ್ಲ. ಸಂಸಾರಸಹಿತರಾಗಿ ಮಿಷನ್ನಿನ ಆವರಣಕ್ಕೇ ಹೋಗಿ ನೆಲೆಸಿದರು. ಪತ್ನಿ ರುಕ್ಮಿಣೀಬಾಯಿಯವರೂ ತಂಗಿ ಜನಾಬಾಯಿಯವರೂ ಅವರೊಡನೆ ದುಡಿದರು. ಮನೆಯ ಹೆಂಗಸರು ಒಪ್ಪದೆ ಗಂಡಸರು ಎತ್ತಿದ ಸುಧಾರಣೆಯು ಅಡಿಗೆಮನೆಯ ಬಾಗಿಲಲ್ಲಿ ನಿಂತುಹೋಗುತ್ತದೆ. ಶಿಂದೆಯವರ ಸುಧಾರಣೆಯು ಅಡಿಗೆಮನೆಯಿಂದಲೇ ಹೊರಟಿತು. ಜನಾಬಾಯಿಯವರ ಹೆಸರು ಸಭೆಗಳ ವರದಿಗಳಲ್ಲಿ ಹೆಚ್ಚು ಕಾಣದಿರಬಹುದು. ಆದರೆ ಅವರಿಲ್ಲದೆ ಆ ಶಾಲೆಗಳು ನಡೆಯುತ್ತಿರಲಿಲ್ಲ.

1910ರಲ್ಲಿ ಪ್ರಾರ್ಥನಾ ಸಮಾಜದ ಪ್ರಚಾರಕ ಹುದ್ದೆಯನ್ನು ಬಿಟ್ಟು ಅವರು ಪೂರ್ಣಕಾಲವೂ ಮಿಷನ್ನಿನವರಾದರು. ಅನಂತರ ಪುಣೆಯೇ ಅವರ ಕಾರ್ಯಕ್ಷೇತ್ರವಾಯಿತು. 1912ರಲ್ಲಿ ಡಾಕ್ಟರ್ ಭಾಂಡಾರಕರರ ಅಧ್ಯಕ್ಷತೆಯಲ್ಲಿ ಇಲ್ಲಿ ಅಸ್ಪೃಶ್ಯತಾ ನಿವಾರಣೆಯ ಪರಿಷತ್ತು ನೆರೆಯಿತು. ಸಂಸ್ಕೃತ ಪಾಂಡಿತ್ಯದಲ್ಲಿ ಎಣೆಯಿಲ್ಲದ ಭಾಂಡಾರಕರರನ್ನೇ ಅಧ್ಯಕ್ಷರಾಗಿ ಕರೆತಂದದ್ದು ಜಾಣತನದ ಕೆಲಸ. ಶಾಸ್ತ್ರದ ಹೆಸರಿನಲ್ಲಿ ಎದ್ದೇಳುವವರಿಗೆ, ಶಾಸ್ತ್ರವನ್ನು ಅವರಿಗಿಂತ ಚೆನ್ನಾಗಿ ಬಲ್ಲವರೇ ಉತ್ತರವಾಗಿ ಕುಳಿತಿದ್ದರು.

ಅಂದಿನ ಪುಣೆಯ ರಾಜಕೀಯವನ್ನು ನೆನೆದರೆ ಶಿಂದೆಯವರ ಮುಂದಿನ ಹೆಜ್ಜೆಯ ಕಷ್ಟವು ಅರ್ಥವಾಗುತ್ತದೆ. ಮೊದಲು ಸ್ವರಾಜ್ಯ, ಅನಂತರ ಸಮಾಜಸುಧಾರಣೆಯೆಂಬುದು ಒಂದು ಪಕ್ಷ. ಮೊದಲು ಸುಧಾರಣೆಯೆಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಒಬ್ಬರ ಮುಖವನ್ನೊಬ್ಬರು ನೋಡದಂತಿದ್ದರು. ಶಿಂದೆಯವರು ಎರಡನ್ನೂ ಒಂದೇ ನೊಗಕ್ಕೆ ಕಟ್ಟಬಯಸಿದರು. 1917ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಚಂದಾವರಕರರ ಅಧ್ಯಕ್ಷತೆಯಲ್ಲಿ ಅಸ್ಪೃಶ್ಯ ವರ್ಗಗಳ ಸಭೆಯೊಂದು ನಡೆಯಿತು. ಆ ಸಭೆಯು ಕಾಂಗ್ರೆಸ್ಸಿನ ಸ್ವರಾಜ್ಯದ ಯೋಜನೆಗೆ ಬೆಂಬಲವಿತ್ತು, ಅದರೊಡನೆ ಅಸ್ಪೃಶ್ಯತೆಯ ವಿರುದ್ಧ ನಿರ್ಣಯವನ್ನು ಅಂಗೀಕರಿಸಬೇಕೆಂದು ಕಾಂಗ್ರೆಸ್ಸನ್ನು ಬೇಡಿತು. ಅದೇ ವರ್ಷದ ಕೊನೆಗೆ ಕಲಕತ್ತೆಯಲ್ಲಿ ಆನಿ ಬೆಸೆಂಟರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ಸು, ಸಂಪ್ರದಾಯದ ಹೆಸರಿನಲ್ಲಿ ಈ ವರ್ಗಗಳ ಮೇಲೆ ಹೇರಿದ ನಿರ್ಬಂಧಗಳನ್ನೆಲ್ಲ ತೆಗೆದುಹಾಕುವುದು ನ್ಯಾಯವೆಂಬ ನಿರ್ಣಯವನ್ನು ಸ್ವೀಕರಿಸಿತು. 1885ರಲ್ಲಿ ಹುಟ್ಟಿದ ಮಹಾಸಭೆಯು ಈ ಮಾತನ್ನಾಡುವುದಕ್ಕೆ 32 ವರ್ಷಗಳು ಬೇಕಾದುವು. ಇದರ ಹಿಂದೆ ಶಿಂದೆಯವರ ಸತತ ಪ್ರಯತ್ನವಿತ್ತು.

1918ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಅಸ್ಪೃಶ್ಯತಾ ನಿವಾರಣ ಪರಿಷತ್ತು ನಡೆಯಿತು. ಸಯಾಜಿರಾವ್ ಮಹಾರಾಜರು ಅಧ್ಯಕ್ಷರು. ಲೋಕಮಾನ್ಯ ಟಿಳಕರನ್ನೂ ಶಿಂದೆಯವರು ಆ ವೇದಿಕೆಗೆ ಕರೆತಂದರು. ಅಸ್ಪೃಶ್ಯತೆಯನ್ನು ಒಪ್ಪುವ ದೇವರನ್ನು ತಾವು ದೇವರೆಂದೇ ಒಪ್ಪುವುದಿಲ್ಲವೆಂಬ ಅರ್ಥದಲ್ಲಿ ಟಿಳಕರು ಅಲ್ಲಿ ಮಾಡಿದ ಭಾಷಣವು ದೇಶದಲ್ಲೆಲ್ಲ ಹೆಸರಾಯಿತು. ಆದರೆ ನಿತ್ಯವ್ಯವಹಾರದಲ್ಲಿ ಅಸ್ಪೃಶ್ಯತೆಯನ್ನು ಪಾಲಿಸುವುದಿಲ್ಲವೆಂಬ ಪ್ರತಿಜ್ಞಾಪತ್ರಕ್ಕೆ ರುಜು ಹಾಕುವ ಪ್ರಸಂಗ ಬಂದಾಗ ಲೋಕಮಾನ್ಯರ ರುಜು ಬೀಳಲಿಲ್ಲ. ಇದನ್ನು ಇಲ್ಲಿ ಹೇಳುವುದು ಆ ಮಹಾಪುರುಷರ ದೂಷಣೆಗಾಗಿಯಲ್ಲ. ವೇದಿಕೆಯ ಮಾತಿಗೂ ಕಾಗದದ ಮೇಲಿನ ರುಜುವಿಗೂ ಎಷ್ಟು ದೂರವಿದೆ, ರುಜುವಿಗೂ ಮನೆಯ ನಡವಳಿಕೆಗೂ ಇನ್ನೆಷ್ಟು ದೂರವಿದೆ ಎಂಬುದನ್ನು ತಿಳಿಯುವುದಕ್ಕಾಗಿ. ಬದಲಾವಣೆಯನ್ನು ತರಲು ಹೊರಟವನು ಈ ಎರಡು ದೂರಗಳನ್ನೂ ನಡೆಯಬೇಕಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಶಿಂದೆಯವರು ಹಿಂದೆ ಬೀಳಲಿಲ್ಲ. ಪುಣೆಯ ಮುನಿಸಿಪಾಲಿಟಿಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಪ್ರಶ್ನೆಯೆದ್ದು, ಹಣವಿಲ್ಲವೆಂಬ ನೆವದಿಂದ ಗಂಡುಮಕ್ಕಳಿಗೆ ಮಾತ್ರ ಅದನ್ನು ಜಾರಿಗೆ ತರಬೇಕೆಂಬ ವಾದ ಬಲವಾದಾಗ, ಹೆಣ್ಣುಮಕ್ಕಳಿಗೂ ಬೇಕೆಂದು 1920ರಲ್ಲಿ ದೊಡ್ಡ ಚಳವಳಿಯೇ ನಡೆಯಿತು. ರಮಾಬಾಯಿ ರಾನಡೆಯವರ ಮುಂದಾಳುತನದಲ್ಲಿ ಸ್ತ್ರೀಯರು ಪುಣೆಯ ಬೀದಿಗಿಳಿದರು. ಶಿಂದೆಯವರು ಆ ಪಕ್ಷದಲ್ಲಿ ದೃಢವಾಗಿ ನಿಂತರು.

ಇತ್ತ ನಾನಾ ಪೇಟೆಯಲ್ಲಿ ಮಿಷನ್ನಿಗೆ ಸ್ವಂತ ಸ್ಥಳವೊಂದನ್ನು ಸಂಪಾದಿಸುವ ಕಾರ್ಯವು ಸಾಗಿತ್ತು. ಇಂದೂರಿನ ಹೋಳ್ಕರ್ ಮಹಾರಾಜರು ಉದಾರವಾಗಿ ದ್ರವ್ಯಸಹಾಯ ಮಾಡಿದರು. ಅವರ ಮನೆತನದ ಪುಣ್ಯವತಿ ಅಹಲ್ಯಾಬಾಯಿಯ ಹೆಸರೇ ಆ ಆಶ್ರಮಕ್ಕೆ ಬಂದಿತು. ವರ್ಷಗಟ್ಟಲೆ ಅಲೆದಾಡಿ, ದೊಡ್ಡವರ ಬಾಗಿಲು ಕಾಯ್ದು, ಸರಕಾರಕ್ಕೆ ಅರ್ಜಿಗಳನ್ನು ಬರೆದು ಕೂಡಿಸಿದ ಹಣ ಅದು. 1922ರಲ್ಲಿ ಅಹಲ್ಯಾಶ್ರಮದ ಕಟ್ಟಡವು ಮುಗಿಯಿತು. ಆಗ ಶಿಂದೆಯವರ ವಯಸ್ಸು 49. ಸಾಮಾನ್ಯ ಮನುಷ್ಯನಾದರೆ ಇನ್ನು ಮುಂದೆ ನೆರಳಿನಲ್ಲಿ ಕುಳಿತು ಫಲವನ್ನುಣ್ಣುವ ಕಾಲ.

ಆದರೆ ಕಾಲವು ಬೇರೊಂದು ಪ್ರಶ್ನೆಯನ್ನು ಹೊತ್ತುಕೊಂಡು ಬಾಗಿಲಿಗೆ ಬಂದಿತ್ತು. ಮಿಷನ್ನಿನ ಕಾರ್ಯಕ್ಕಿಂತ ಮೊದಲಿನಿಂದಲೂ ದಲಿತರಲ್ಲಿ ತಮ್ಮದೇ ಆದ ಮುಂದಾಳುಗಳಿದ್ದರು. ಈಗ ಓದಿದ ಹೊಸ ಪೀಳಿಗೆಯೂ ಬೆಳೆದು ನಿಂತಿತ್ತು. 1919ರಲ್ಲಿ ಮತದಾನದ ಹಕ್ಕನ್ನು ವಿಚಾರಿಸಲು ಬಂದ ಸೌತ್‌ಬರೋ ಸಮಿತಿಯ ಮುಂದೆ ಶಿಂದೆಯವರೂ ಸಾಕ್ಷ್ಯ ಹೇಳಿದರು, ಆಗ 27 ವರ್ಷದ ತರುಣರಾಗಿದ್ದ ಡಾಕ್ಟರ್ ಭೀಮರಾವ್ ಅಂಬೇಡಕರರೂ ಹೇಳಿದರು. ದಲಿತರಿಗೆ ಪ್ರಾತಿನಿಧ್ಯ ಬೇಕೆಂಬುದರಲ್ಲಿ ಇಬ್ಬರಿಗೂ ಭೇದವಿರಲಿಲ್ಲ. ಆ ಪ್ರತಿನಿಧಿಗಳನ್ನು ಆರಿಸುವವರು ಯಾರೆಂಬುದರಲ್ಲಿ ಭೇದವಿತ್ತು. ಶಾಸನಸಭೆಗೆ ಆರಿಸಿಬಂದ ಸದಸ್ಯರು ಅವರನ್ನು ಆರಿಸಲಿ ಎಂಬುದು ಮಿಷನ್ನಿನ ಕಡೆಯ ಸಲಹೆ. ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಬೇಕು, ಪರರು ಆರಿಸಿದವನು ಪರರ ಮನುಷ್ಯನೇ ಆಗುತ್ತಾನೆ ಎಂಬುದು ಅಂಬೇಡಕರರ ವಾದ. 1920ರಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರ ಅಧ್ಯಕ್ಷತೆಯಲ್ಲಿ ನಾಗಪುರದಲ್ಲಿ ಸೇರಿದ ಬಹಿಷ್ಕೃತರ ಪರಿಷತ್ತಿನಲ್ಲಿ ಅವರು ಮಿಷನ್ನಿನ ನಿಲುವನ್ನು ಕಟುವಾಗಿ ಖಂಡಿಸಿದರು.

ಅದರ ನೋವು ಎಂತಹುದಿದ್ದೀತು! ತನ್ನ ಯೌವನವನ್ನೂ ಸಂಸಾರವನ್ನೂ ಯಾರಿಗಾಗಿ ಸವೆಸಿದರೋ ಆ ಜನರ ಸಭೆಯಲ್ಲಿಯೇ ತನ್ನ ವಿರುದ್ಧ ನಿರ್ಣಯ. ಆದರೆ ಎದುರು ಪಕ್ಷದ ಮಾತನ್ನೂ ತೂಗಿ ನೋಡಬೇಕು. ಸಾವಿರಾರು ವರ್ಷ ಪರರ ಅಪ್ಪಣೆಯಂತೆ ಬದುಕಿದವರಿಗೆ ಕರುಣೆಯ ಅಪ್ಪಣೆಯೂ ಅಪ್ಪಣೆಯೇ. ಕೈಹಿಡಿದು ನಡೆಸಿದವನು, ಮಗುವು ತಾನೇ ನಡೆಯಬಲ್ಲೆನೆಂದಾಗಲೂ ಕೈಬಿಡದಿದ್ದರೆ, ಹಿಡಿದ ಕೈಯೇ ಕಟ್ಟಾಗುತ್ತದೆ. ಇದು ಹಟದ ಮಾತಲ್ಲ, ಬೆಳವಣಿಗೆಯ ಮಾತು.

ಮಿಷನ್ನಿನ ಆಡಳಿತವನ್ನು ತಮ್ಮವರೇ ನಡೆಸಬೇಕೆಂದು ದಲಿತ ಮುಖಂಡರಲ್ಲಿ ಕೆಲವರು ಕೇಳತೊಡಗಿದರು. ಶಿಂದೆಯವರ ಮುಂದೆ ಎರಡು ದಾರಿಗಳಿದ್ದುವು. ಸ್ಥಳದ ಕಾಗದಪತ್ರಗಳು, ದಾನಿಗಳ ವಿಶ್ವಾಸ, ಸರಕಾರದ ಪರಿಚಯ, ಎಲ್ಲವೂ ಅವರ ಕಡೆಗಿದ್ದುವು; ಬೇಕೆಂದಿದ್ದರೆ ಬಿಗಿಯಾಗಿ ಹಿಡಿದು ಕೂಡಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಕಟ್ಟಡ ಮುಗಿದ ಮರುವರ್ಷವೇ, 1923ರಲ್ಲಿ, ಕಾರ್ಯಭಾರವನ್ನು ಬಿಟ್ಟುಕೊಟ್ಟರು. ಯಾರಿಗಾಗಿ ಮನೆಯನ್ನು ಕಟ್ಟಿದ್ದರೋ ಅವರ ಕೈಗೆ ಕೀಲಿಕೈಯನ್ನು ಕೊಟ್ಟು ಹೊರಗೆ ಬಂದರು.

ಮನಸ್ಸಿಗೆ ಸಂತೋಷವಾಗಿಯೇ ಬಿಟ್ಟರೆಂದು ನಾವು ಹೇಳಲಾರೆವು. ಅವರು ನೊಂದಿದ್ದರು. ಸವರ್ಣರೂ ದಲಿತರೂ ಒಂದಾಗಿ ದುಡಿಯದೆ ಈ ರೋಗವು ಹೋಗದೆಂಬುದು ಅವರ ನಂಬಿಕೆ. ಪ್ರತ್ಯೇಕವಾಗಿ ನಿಲ್ಲುವ ಹೊಸ ಧೋರಣೆಯು ಅವರಿಗೆ ಹಿಡಿಸಲಿಲ್ಲ. ಆದರೂ ತನ್ನ ಅಭಿಪ್ರಾಯವನ್ನು ಬಿಡದೆ ಅಧಿಕಾರವನ್ನು ಬಿಟ್ಟರು. ಮುಂದಾಳುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದಕ್ಕೆ ವಿಪರೀತ. ಅಧಿಕಾರವನ್ನುಳಿಸಿಕೊಳ್ಳುವುದಕ್ಕಾಗಿ ಅಭಿಪ್ರಾಯವನ್ನು ಬಿಟ್ಟುಬಿಡುತ್ತಾರೆ. ಬಿಟ್ಟ ಮೇಲೆ ಅವರು ಸಂಸ್ಥೆಯ ಮೇಲೆ ಹಗೆ ಸಾಧಿಸಲಿಲ್ಲ, ಎದುರಿಗೆ ಇನ್ನೊಂದು ಸಂಸ್ಥೆಯನ್ನು ಕಟ್ಟಲಿಲ್ಲ. ಅಸ್ಪೃಶ್ಯತಾ ನಿವಾರಣೆಯ ಕೆಲಸವನ್ನಂತೂ ಬಿಡಲೇ ಇಲ್ಲ.

1924ರಲ್ಲಿ ಅವರು ಮಂಗಳೂರಿನ ಬ್ರಾಹ್ಮ ಸಮಾಜದ ಆಚಾರ್ಯರಾಗಿ ಹೋದರು. ಜಮಖಂಡಿಯ ಕನ್ನಡವು ಕಡಲ ತೀರದ ಕನ್ನಡ ತುಳುಗಳ ನಡುವೆ ಮತ್ತೆ ಉಪಯೋಗಕ್ಕೆ ಬಂದಿರಬೇಕು. ರಂಗರಾಯರು ಆಗ ಇನ್ನೂ ಬದುಕಿದ್ದರು. ಅದೇ ವರ್ಷ ತಿರುವಾಂಕೂರಿನ ವೈಕಂನಲ್ಲಿ, ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ಕೆಳಜಾತಿಯವರು ನಡೆಯಬಾರದೆಂಬ ಕಟ್ಟನ್ನು ಮುರಿಯಲು ಸತ್ಯಾಗ್ರಹವು ನಡೆದಿತ್ತು. ಶಿಂದೆಯವರು ಅಲ್ಲಿಗೂ ಹೋಗಿ ಪಾಲ್ಗೊಂಡರು. 1928ರಲ್ಲಿ ಪುಣೆಯಲ್ಲಿ ಸೇರಿದ ಮುಂಬಯಿ ಇಲಾಖೆಯ ರೈತರ ಪರಿಷತ್ತಿಗೆ ಅಧ್ಯಕ್ಷರಾಗಿ, ಸಣ್ಣ ಹಿಡುವಳಿಗಳ ಮಸೂದೆಯು ಬಡ ರೈತನ ಭೂಮಿಯನ್ನು ಕಸಿಯುತ್ತದೆಂದು ಎಚ್ಚರಿಸಿದರು. 1930ರಲ್ಲಿ ಗಾಂಧೀಜಿಯವರ ಕಾನೂನುಭಂಗದ ಚಳವಳಿಯಲ್ಲಿ ಸೇರಿ ಯೆರವಡಾ ಸೆರೆಮನೆಯಲ್ಲಿ ಆರು ತಿಂಗಳ ಕಠಿಣ ಶಿಕ್ಷೆಯನ್ನನುಭವಿಸಿದರು. ಆಗ ಅವರ ವಯಸ್ಸು 57.

ಈ ಅವಧಿಯಲ್ಲಿ ಅವರು ಬಹುಮಟ್ಟಿಗೆ ಒಂಟಿಯಾಗಿದ್ದರೆನ್ನಬೇಕು. ಬ್ರಾಹ್ಮಣರಿಗೆ ಅವರು ಮೈಲಿಗೆಯವರು. ಬ್ರಾಹ್ಮಣೇತರ ಪಕ್ಷದವರಿಗೆ ಕಾಂಗ್ರೆಸ್ಸಿನ ಕಡೆಯವರು. ದಲಿತ ಮುಖಂಡರಲ್ಲಿ ಹಲವರಿಗೆ ಹಳೆಯ ಕಾಲದ ಮೇಲ್ವಿಚಾರಕರು. ಎಲ್ಲ ಗುಂಪುಗಳನ್ನೂ ಸೇರಿಸಬಯಸಿದವನು ಯಾವ ಗುಂಪಿಗೂ ಸೇರದವನಾಗುವುದು ಲೋಕದಲ್ಲಿ ಹೊಸದಲ್ಲ. ಅಂತಹ ಏಕಾಂತದಲ್ಲಿಯೇ ಅವರು ಅಸ್ಪೃಶ್ಯತೆಯ ಮೂಲವನ್ನು ಶೋಧಿಸಿದ ಮರಾಠಿ ಗ್ರಂಥವನ್ನು ಮುಗಿಸಿ 1933ರಲ್ಲಿ ಪ್ರಕಟಿಸಿದರು. ತಮ್ಮ ನೆನಪುಗಳನ್ನೂ ಬರೆದಿಟ್ಟರು. ಕೊನೆಯ ವರ್ಷಗಳು ಅನಾರೋಗ್ಯದಲ್ಲಿ ಕಳೆದುವು. 1944ರ ಜನವರಿ 2ರಂದು ಪುಣೆಯಲ್ಲಿಯೇ ಅವರ ಜೀವನವು ಕೊನೆಗೊಂಡಿತು.

ಅವರು ಕಾಣದೆ ಹೋದ ಒಂದು ದಿನವು 6 ವರ್ಷಗಳ ಮೇಲೆ ಬಂದಿತು. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ವಿಧಿಯು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೊಟೇಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿ ತಡೆಯಬಾರದೆಂದು ವಿಧಿಸಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆಯೂ ಬಂದಿತು. ಆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರು, ನಾಗಪುರದಲ್ಲಿ ಮಿಷನ್ನಿನ ನಿಲುವನ್ನು ಖಂಡಿಸಿದ್ದ ಅದೇ ಅಂಬೇಡಕರರು. ಮುಂದಾಳುತನವು ಸರಿಯಾದ ಕೈಗೆ ಸೇರಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೊಟೇಲಿನ ಹೆಸರನ್ನು ಸಂವಿಧಾನದಲ್ಲಿಯೇ ಏಕೆ ಬರೆಯಬೇಕಾಯಿತೆಂಬುದನ್ನು ನಮ್ಮ ಕಸುಬಿನವರು ಒಮ್ಮೆ ಯೋಚಿಸಬೇಕು. ಒಂದು ಕಾಲದಲ್ಲಿ ಚಹದ ಅಂಗಡಿಯ ಹೊರಗೋಡೆಗೆ ಬೇರೆ ಕಪ್ಪುಬಸಿಗಳು ತೂಗಾಡುತ್ತಿದ್ದುವು. ಕುಡಿದವನು ತಾನೇ ತೊಳೆದು ಅಲ್ಲಿಯೇ ಇಡಬೇಕಾಗಿತ್ತು. ಅನ್ನವನ್ನು ಮಾರುವ ಕಸುಬು ಎಲ್ಲರನ್ನೂ ಒಂದೇ ಮೇಜಿಗೆ ಕೂಡಿಸಬಲ್ಲದು. ಬೇರೆ ಬೇರೆಯಾಗಿಯೂ ಇಡಬಲ್ಲದು. ಇಂದು ಗಿರಾಕಿಯ ಜಾತಿಯನ್ನು ಯಾರೂ ಕೇಳರು. ಆದರೆ ಒಳಗಿನ ಮಾತೇನು? ಅಡಿಗೆಯ ಒಲೆಯ ಮುಂದೆ ಯಾರು, ಎಂಜಲು ತೊಳೆಯುವ ತೊಟ್ಟಿಯ ಮುಂದೆ ಯಾರು ಎಂಬುದನ್ನು ನಿರ್ಣಯಿಸುವಾಗ ನಮ್ಮ ಮನಸ್ಸು ಕೈಚಳಕವನ್ನು ಮಾತ್ರ ನೋಡುತ್ತದೆಯೇ? ಈ ಪ್ರಶ್ನೆಗೆ ಉತ್ತರವನ್ನು ಪತ್ರಿಕೆಗೆ ಬರೆದು ಕಳುಹಿಸಬೇಕಾಗಿಲ್ಲ. ಒಳಗೊಳಗೇ ಕೊಟ್ಟುಕೊಂಡರೆ ಸಾಕು.

ಇನ್ನು ಮುಂದಾಳುತನದ ಮಾತು. ಗಲ್ಲಾದ ಮೇಲೆ ಕುಳಿತವನಿಗೆ ಅತ್ಯಂತ ಕಷ್ಟವಾದ ಕೆಲಸವಾವುದೆಂದು ಈ ಲೇಖಕನನ್ನು ಕೇಳಿದರೆ, ಮೇಜು ಒರೆಸುವುದರಿಂದ ಆರಂಭಿಸಿ ಹತ್ತು ವರ್ಷ ದುಡಿದ ಹುಡುಗನ ಕೈಗೆ ಗಲ್ಲಾದ ಕೀಲಿಕೈಯನ್ನು ಕೊಡುವುದು ಎಂದು ಅನುಭವದಿಂದಲೇ ಹೇಳಿಯೇನು. ಮೊದಲ ದಿನ ಕೊಟ್ಟು, ರಾತ್ರಿಯೆಲ್ಲ ನಿದ್ರೆಯಿಲ್ಲದೆ ಹೊರಳಿದ್ದುಂಟು. ಮರುದಿನ ಲೆಕ್ಕವು ತಪ್ಪಿರಲಿಲ್ಲ. ತಪ್ಪಿದ್ದರೂ ಕಲಿಯುವವನ ತಪ್ಪೇ ಆಗುತ್ತಿತ್ತು. ಒಂದು ಗಲ್ಲಾಪೆಟ್ಟಿಗೆಗೇ ಮನಸ್ಸು ಇಷ್ಟು ಹಿಡಿಯುವುದಾದರೆ, 17 ವರ್ಷಗಳ ತಪಸ್ಸಿನ ಫಲವಾದ ಸಂಸ್ಥೆಯನ್ನು ಒಪ್ಪಿಸಿಕೊಟ್ಟ ಮನಸ್ಸು ಎಂತಹುದೆಂದು ನಾವು ಅಳೆಯಬಲ್ಲೆವು.

ಶಿಂದೆಯವರ ಜೀವನದಿಂದ ನಮ್ಮ ಸಂಘಗಳು ಕಲಿಯಬೇಕಾದುದು ಬಹಳವಿಲ್ಲ, ನಾಲ್ಕೇ ಮಾತು. ಕೆಲಸವನ್ನು ಹಿಡಿಯುವ ಮೊದಲು ಲೆಕ್ಕವನ್ನು ತೆಗೆಯಬೇಕು. ಯಾರ ಕಷ್ಟವನ್ನು ಪರಿಹರಿಸಬೇಕೋ ಅವರ ನಡುವೆ ಹೋಗಿ ಬದುಕಬೇಕು. ಎದುರು ಪಕ್ಷದವರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸುವ ತಾಳ್ಮೆಯಿರಬೇಕು. ಕಡೆಯದಾಗಿ, ಯಾರಿಗಾಗಿ ಕಟ್ಟಿದೆವೋ ಅವರು ನಡೆಸಬಲ್ಲವರಾದ ದಿನ, ಮನಸ್ಸಿಗೆ ಕಹಿಯಾದರೂ, ಒಪ್ಪಿಸಿಕೊಟ್ಟು ಸರಿಯಬೇಕು. ಮೊದಲಿನ ಮೂರನ್ನು ಮಾಡಿದವರು ನಮ್ಮಲ್ಲಿಯೂ ಇದ್ದಾರೆ. ನಾಲ್ಕನೆಯದು ಮಾತ್ರ ಉಳಿದುಕೊಂಡಿದೆ.

ಮುಂದಿನ ಸಲ ನಾನಾ ಪೇಟೆಯ ಕಡೆಗೆ ಹೋದಾಗ ವಾಚಕರು ಅಹಲ್ಯಾಶ್ರಮದ ಮುಂದೆ ಒಂದು ಕ್ಷಣ ನಿಲ್ಲಲಿ. ಜಮಖಂಡಿಯಿಂದ ಬಂದ ಒಬ್ಬ ಬಡ ವಿದ್ಯಾರ್ಥಿಯು ಅದನ್ನು ಕಟ್ಟಿದನು. ಕಟ್ಟಿದ ಮರುವರ್ಷವೇ ಅದರಿಂದ ಹೊರಗೆ ನಡೆದನು. ಅದನ್ನು ಕಟ್ಟಿದ್ದಕ್ಕೆ ಎಷ್ಟು ನಮಸ್ಕಾರವೋ, ಹೊರಗೆ ನಡೆದದ್ದಕ್ಕೂ ಅಷ್ಟೇ ನಮಸ್ಕಾರ ಸಲ್ಲಬೇಕು.